ಸೀಟ್ ಪೋಸ್ಟ್ ಶಿಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಸೈಕಲ್ ರಿಪೇರಿ ಮಾತು ಬಂದಾಗೆಲ್ಲ, ಭಾನುವಾರದ ರೈಡ್‌ಗಳಲ್ಲಿ, ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಬೇರೆ ಹೇಳದ ಹೊರತು ಅಳತೆಗಳೆಲ್ಲ ಮಿಲಿಮೀಟರ್‌ನಲ್ಲಿವೆ. ಶಿಮ್ ಎಂದರೆ ಜುಗಾಡ್ ಎಂದು ಮೂಗು ಮುರಿಯುವವರಿದ್ದಾರೆ. ಅಳತೆ ತಪ್ಪಿದ್ದರೆ ಅವರ ಮಾತು ನಿಜವೇ. ಹಾಗಾಗಿ ಇಲ್ಲಿ ಅಳತೆಯ ಮಾತೇ ಜಾಸ್ತಿ.

## ಮೊದಲು ತಿಳಿದಿರಬೇಕಾದ್ದು

ಶಿಮ್ ಅಂದ್ರೆ ಏನು? ಲೇತ್‌ನವರು ಬುಷ್ ಅಂತಾರಲ್ಲ, ಅದೇನಾ?

ಅದೇ. ಸೀಟ್ ಹೊತ್ತ ಕಂಬವೇ ಪೋಸ್ಟ್, ಅದು ಇಳಿಯುವ ಫ್ರೇಮಿನ ಕೊಳವೆಯೇ ಸೀಟ್ ಟ್ಯೂಬ್. ಸೀಟ್ ಟ್ಯೂಬ್ ಅಗಲವಾಗಿದ್ದು ಪೋಸ್ಟ್ ಸಣ್ಣದಿದ್ದಾಗ ನಡುವಿನ ಸಂದು ತುಂಬುವ ತೆಳು ಕೊಳವೆ ಶಿಮ್. ಬಹುಪಾಲು ಅಲ್ಯೂಮಿನಿಯಂನದು. ಉದ್ದಕ್ಕೂ ಒಂದು ಸೀಳು ಇರುತ್ತದೆ, ಮೇಲ್ತುದಿಯಲ್ಲಿ ಸಣ್ಣ ಕಾಲರ್ ಇರುತ್ತದೆ. ಫ್ರೇಮಿನ ಬಾಯಿಯ ಸುತ್ತ ಇರುವ ಕ್ಲಾಂಪ್ ಬಿಗಿದಾಗ ಸೀಳು ಮುಚ್ಚಿಕೊಳ್ಳುತ್ತಾ ಬಂದು ಶಿಮ್ ಪೋಸ್ಟನ್ನು ಸುತ್ತಲಿಂದಲೂ ಹಿಡಿಯುತ್ತದೆ. ಕಾಲರ್ ಫ್ರೇಮಿನ ಬಾಯಿಯ ಮೇಲೆ ಕೂರುವುದರಿಂದ ಶಿಮ್ ಒಳಗೆ ಜಾರುವುದಿಲ್ಲ.

ಸರಿಯಾದ ಸೈಜಿನ ಪೋಸ್ಟೇ ತಗೊಂಡ್ರೆ ಆಗಲ್ವಾ?

ಸಿಕ್ಕರೆ ಅದೇ ಮೇಲು. ಎರಡು ಲೋಹದ ನಡುವೆ ಮೂರನೆಯದು ಬಂದಷ್ಟೂ ಶಬ್ದ, ತುಕ್ಕು, ಜಾರುವಿಕೆಗೆ ಇನ್ನೊಂದು ಜಾಗ ಸಿಕ್ಕಂತೆ. ಶಿಮ್‌ಗೆ ಅರ್ಥವಿರುವ ಸಂದರ್ಭಗಳು ಕೆಲವೇ. ಕೈಯಲ್ಲಿ 27.2 ವ್ಯಾಸದ ಒಳ್ಳೆಯ ಪೋಸ್ಟ್ ಇದೆ, ಹೊಸ ಫ್ರೇಮ್ 30.9 ಅಥವಾ 31.6 ಆಗಿದೆ. ಗುಂಡಿ ಬಿದ್ದ ರಸ್ತೆಗೆಂದು ಕೊಂಡ ಸಸ್ಪೆನ್ಷನ್ ಪೋಸ್ಟ್ 27.2ರಲ್ಲಿ ಮಾತ್ರ ಬರುತ್ತದೆ. ಇಲ್ಲವೇ ಫ್ರೇಮ್ 30.0, 30.4ರಂಥ ಅಪರೂಪದ ಅಳತೆಯದು, ಅದಕ್ಕೆ ನೇರ ಪೋಸ್ಟ್ ಹುಡುಕುವುದಕ್ಕಿಂತ 27.2ಕ್ಕೆ ಇಳಿಸಿಕೊಂಡರೆ ಮುಂದೆ ಯಾವ ಪೋಸ್ಟ್ ಬೇಕಾದರೂ ಹಾಕಬಹುದು. ಇನ್ನೂರು ಮುನ್ನೂರು ರೂಪಾಯಿ ಉಳಿಸಲೆಂದೇ ಶಿಮ್ ಹಾಕುವುದಾದರೆ ಬೇಡ.

ಫ್ರೇಮ್ 27.2, ನನ್ನ ಹತ್ರ 28.6 ಪೋಸ್ಟ್ ಇದೆ. ಏನಾದ್ರೂ ಮಾಡಬಹುದಾ ಸರ್?

ಇಲ್ಲ. ಶಿಮ್ ಸಂದು ತುಂಬುತ್ತದೆ, ಜಾಗ ಮಾಡಿಕೊಡುವುದಿಲ್ಲ. ಪೋಸ್ಟನ್ನು ಲೇತ್‌ಗೆ ಕೊಟ್ಟು 1.4 ಸವೆಸಿದರೆ ಗೋಡೆ 0.7 ತೆಳುವಾಗುತ್ತದೆ, ಅದೂ ಅತಿ ಹೆಚ್ಚು ಬಾಗುವ ಜಾಗದಲ್ಲೇ. ಮುರಿದರೆ ಉಳಿದ ಚೂಪು ತುದಿಯ ಮೇಲೆ ಕೂತಿರುವವರು ನೀವು. ಫ್ರೇಮನ್ನು ಒಳಗಿನಿಂದ ರೀಮ್ ಮಾಡುವುದೂ (ಕೊರೆದು ಅಗಲಿಸುವುದೂ) ಬೇಡ.

## ಅಳತೆ

ಟೇಪಲ್ಲಿ ಅಳೆದ್ರೆ ಸಾಕಾ?

ಸಾಲದು. ಸೀಟ್ ಪೋಸ್ಟ್‌ಗಳಲ್ಲಿ 0.2 ವ್ಯತ್ಯಾಸವೇ ಬೇರೆ ಸೈಜ್: 26.8, 27.0, 27.2 ಮೂರೂ ಬೇರೆ ಬೇರೆ. ಪೇಪರ್ ಪಟ್ಟಿ ಸುತ್ತಿ ಸುತ್ತಳತೆ ತೆಗೆದು 3.14ರಿಂದ ಭಾಗಿಸುವ ಉಪಾಯ ದೊಡ್ಡ ವ್ಯತ್ಯಾಸಗಳನ್ನು ಗುರುತಿಸಲು ಸಾಕು. 25.4ಕ್ಕೆ ಸುಮಾರು 80, 27.2ಕ್ಕೆ 85.5, 28.6ಕ್ಕೆ 90, 30.9ಕ್ಕೆ 97, 31.6ಕ್ಕೆ 99 ಬರುತ್ತದೆ. ಆದರೆ 27.0 ಮತ್ತು 27.2ರ ಸುತ್ತಳತೆಯಲ್ಲಿ ಇರುವ ಅಂತರ 0.6 ಮಾತ್ರ. ಪೆನ್ಸಿಲ್ ಗೆರೆಯೇ ಅಷ್ಟು ದಪ್ಪ ಇರುತ್ತದೆ.

ವರ್ನಿಯರ್ ಬೇಕೇ ಬೇಕು. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಾಧಾರಣ ಡಿಜಿಟಲ್ ವರ್ನಿಯರ್ ಸಿಗುತ್ತದೆ. ಅದಕ್ಕೂ ಮೊದಲು ಪೋಸ್ಟನ್ನು ಪೂರ್ತಿ ಹೊರಗೆಳೆದು ಒರೆಸಿ ನೋಡಿ. ಕೆಳಭಾಗದಲ್ಲಿ, ಪೋಸ್ಟ್ ಕನಿಷ್ಠ ಎಷ್ಟು ಒಳಗಿರಬೇಕೆಂದು ತೋರಿಸುವ ‘ಮಿನ್ ಇನ್ಸರ್ಟ್’ ಗೆರೆಯ ಆಸುಪಾಸಿನಲ್ಲಿ, ಸೈಜ್ ಅಚ್ಚು ಹಾಕಿರುವುದುಂಟು.

ಫ್ರೇಮಿನ ಬಾಯಿ ಅಳೆದ್ರೆ ಒಂದೊಂದು ಸಲ ಒಂದೊಂದು ನಂಬರ್ ಬರ್ತಿದೆ. ಯಾವುದು ನಂಬೋದು?

ಫ್ರೇಮಿನ ಬಾಯಿಯಲ್ಲಿ ಸೀಳು ಇರುವುದರಿಂದ ವರ್ಷಗಟ್ಟಲೆ ಬಿಗಿದು ಬಿಗಿದು ಆ ಭಾಗ ಒಳಗೆ ಬಾಗಿರುತ್ತದೆ. ಅಡ್ಡಡ್ಡ ಅಳೆದರೆ ಕಡಿಮೆ ಬರುತ್ತದೆ, ಹಿಂದು ಮುಂದಾಗಿ ಅಳೆದರೆ ಹೆಚ್ಚು. ಕ್ಲಾಂಪ್ ಪೂರ್ತಿ ಬಿಚ್ಚಿ, ಸೀಳಿನ ಎರಡೂ ಅಂಚು ಸಮಾನಾಂತರವಾಗಿವೆಯೇ ನೋಡಿ. ಮೇಲೆ ಕಿರಿದು, ಕೆಳಗೆ ಅಗಲ ಇದ್ದರೆ ಬಾಯಿ ಮುಚ್ಚಿಕೊಂಡಿದೆ ಎಂದರ್ಥ. ಮೊಂಡು ಸ್ಕ್ರೂಡ್ರೈವರ್ ತೂರಿಸಿ ಮೆಲ್ಲಗೆ ತಿರುಗಿಸಿ ಅಂಚುಗಳನ್ನು ಸಮ ಮಾಡಿ, ಆಮೇಲೆ ಅಳೆಯಿರಿ. ಇದು ಸ್ಟೀಲ್‌ಗೆ ಮಾತ್ರ. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮಿಗೆ ಈ ಕೆಲಸ ಬೇಡ, ಬಿರುಕು ಬಿಡುತ್ತದೆ.

ಹಳೆಯ ಪೋಸ್ಟಿನ ಮೇಲೆ ಬರೆದಿರುವ ನಂಬರೇ ಫ್ರೇಮಿನ ನಂಬರ್ ಎಂದು ಕಣ್ಣು ಮುಚ್ಚಿ ನಂಬಬೇಡಿ, ಸೆಕೆಂಡ್ ಹ್ಯಾಂಡ್ ಸೈಕಲ್‌ನಲ್ಲಂತೂ. 27.2 ಫ್ರೇಮಿನಲ್ಲಿ 26.8 ಹಾಕಿ ಕ್ಲಾಂಪ್ ಜಗ್ಗಿ ಬಿಗಿದಿರುತ್ತಾರೆ. ಕ್ಲಾಂಪ್ ಬಿಗಿದ ಸ್ಥಿತಿಯಲ್ಲಿ ಫ್ರೇಮಿನ ಸೀಳು ಮೇಲ್ತುದಿಯಲ್ಲಿ ಬಹುತೇಕ ಮುಚ್ಚಿಹೋಗಿದ್ದರೆ ಆ ಪೋಸ್ಟ್ ಸಣ್ಣದು.

ಶಿಮ್ ದಪ್ಪ ಲೆಕ್ಕ ಹಾಕೋದು ಹೇಗೆ?

ಫ್ರೇಮಿನ ಒಳ ಅಳತೆಯಿಂದ ಪೋಸ್ಟಿನ ಹೊರ ಅಳತೆ ಕಳೆದು ಎರಡರಿಂದ ಭಾಗಿಸಿ. 31.6ರಿಂದ 27.2ಕ್ಕೆ ಗೋಡೆ 2.2. 30.9ರಿಂದ 27.2ಕ್ಕೆ 1.85. 28.6ರಿಂದ 27.2ಕ್ಕೆ 0.7. 27.2ರಿಂದ 25.4ಕ್ಕೆ 0.9. ಅಂಗಡಿಯಲ್ಲಿ ಕೇಳುವಾಗ ದಪ್ಪ ಹೇಳಬೇಡಿ, ಎರಡೂ ವ್ಯಾಸ ಹೇಳಿ. 2.2 ದಪ್ಪದ ಶಿಮ್ ಬೇರೆ ಜೋಡಿಗೂ ಇರಬಹುದು.

ಅಪ್ಪನ ಹಳೇ ಕರಿ ಸೈಕಲ್‌ಗೆ ಹೊಸ ತರಹದ ಸೀಟ್ ಹಾಕ್ಬೇಕು. ಶಿಮ್ ಬೇಕಾ?

ಬಹುತೇಕ ಬೇಡ. ಆ ಸೈಕಲ್‌ಗಳ ಪಿಲ್ಲರ್ ಸಾಮಾನ್ಯವಾಗಿ ಒಂದು ಇಂಚು, ಅಂದರೆ 25.4. ಸೀಟಿನ ಕ್ಲಿಪ್ ಕೂರುವ ಮೇಲ್ತುದಿ ಮಾತ್ರ ಕಿರಿದು, 22.2. ಗೊಂದಲ ಆಗುವುದು ಇಲ್ಲೇ: ಮೇಲ್ತುದಿ ಅಳೆದು 22.2 ಪೋಸ್ಟ್ ತಂದುಬಿಡುತ್ತಾರೆ. ಫ್ರೇಮಿನ ಒಳಗೆ ಇಳಿಯುವ ಭಾಗವನ್ನು ಅಳೆಯಿರಿ. 25.4 ಬಂದರೆ ಸೀಟ್ ಹಿಡಿಯುವ ಭಾಗ ಮೇಲ್ತುದಿಯಲ್ಲೇ ಸೇರಿರುವ 25.4 ಪೋಸ್ಟ್ ತನ್ನಿ, ಕೆಲಸ ಮುಗಿಯಿತು.

## ಕೊಳ್ಳುವುದು, ಮಾಡಿಸುವುದು

ಬೆಂಗಳೂರಲ್ಲಿ ರೆಡಿ ಶಿಮ್ ಸಿಗಲಿಲ್ಲ. ಲೇತ್‌ನಲ್ಲಿ ಮಾಡಿಸಬಹುದಾ?

ಧಾರಾಳವಾಗಿ. ಪೀಣ್ಯ, ಕಾಮಾಕ್ಷಿಪಾಳ್ಯದ ಕಡೆ ಸಣ್ಣ ಮಷೀನ್ ಶಾಪ್‌ಗಳಿಗೆ ಬರವಿಲ್ಲ. ಒಂದೇ ಪೀಸ್ ಎಂದರೆ ಕೆಲವರು ಒಲ್ಲೆ ಎನ್ನುತ್ತಾರೆ. ಸಂಜೆ ಹೊತ್ತು, ಮಷೀನ್ ಖಾಲಿ ಇದ್ದಾಗ ಕೇಳಿ. ಬರಿಗೈಯಲ್ಲಿ ಹೋಗಬೇಡಿ, ಪೋಸ್ಟ್ ಜೊತೆಗಿರಲಿ, ಸಾಧ್ಯವಾದರೆ ಸೈಕಲ್ಲೂ ಇರಲಿ.

ಉದಾಹರಣೆಗೆ 31.6ರಿಂದ 27.2ಕ್ಕೆ ಹೇಳಬೇಕಾದ್ದು ಇಷ್ಟು. ಅಲ್ಯೂಮಿನಿಯಂ ರಾಡ್, ಎಚ್‌ಇ 30 ಅಥವಾ 6061 ದರ್ಜೆಯದು. ಒಳ ಬೋರ್ 27.2, ಪೋಸ್ಟ್ ಕೈಯೊತ್ತಡಕ್ಕೆ ಜಾರುವಷ್ಟು ಸಡಿಲ. ಹೊರ ವ್ಯಾಸ 31.6ಕ್ಕಿಂತ ಕೂದಲೆಳೆ ಕಡಿಮೆ, 31.55 ಸಾಕು. ಉದ್ದ 100. ಮೇಲೆ ಕಾಲರ್ 34 ವ್ಯಾಸ, 2 ದಪ್ಪ. ಕೊನೆಯಲ್ಲಿ ಉದ್ದಕ್ಕೂ 2 ಅಗಲದ ಸೀಳು. ಸೀಳನ್ನು ಎಲ್ಲ ಟರ್ನಿಂಗ್ ಮುಗಿದ ಮೇಲೆಯೇ ಹಾಕಬೇಕು. ಮೊದಲೇ ಸೀಳಿದರೆ ಚಕ್‌ನಲ್ಲಿ ಹಿಡಿದ ಕೂಡಲೇ ಶಿಮ್ ಮೊಟ್ಟೆಯಾಕಾರಕ್ಕೆ ಬರುತ್ತದೆ. ಸೀಳಿನ ಅಂಚುಗಳನ್ನೂ ಕೆಳಬಾಯಿಯ ಒಳ ಅಂಚನ್ನೂ ಫೈಲ್, ಆಮೇಲೆ 400 ನಂಬರ್ ಎಮರಿಯಿಂದ ಉಜ್ಜಿಸಿ. ಉಗುರು ಎಳೆದರೆ ಎಲ್ಲೂ ತಡೆಯಬಾರದು. ಇಷ್ಟು ಉದ್ದದ 2.2 ಶಿಮ್ ಸುಮಾರು 55 ಗ್ರಾಂ ತೂಗುತ್ತದೆ.

ಗೋಡೆ 0.7ಕ್ಕಿಂತ ತೆಳುವಾದರೆ ಲೇತ್ ಕೆಲಸ ಕಷ್ಟ. ಟೂಲ್ ತಾಗಿದಾಗ ಗೋಡೆಯೇ ಬಾಗುತ್ತದೆ. ಅದಕ್ಕೆ ತಗಡೇ ಸರಿ.

ಕೂಲ್‌ಡ್ರಿಂಕ್ ಕ್ಯಾನ್ ಕತ್ತರಿಸಿ ಸುತ್ತಿದ್ರೆ ನಡೆಯುತ್ತಂತೆ, ನಿಜಾನಾ?

0.2 ವ್ಯತ್ಯಾಸಕ್ಕೆ ನಡೆಯುತ್ತದೆ, ಅದಕ್ಕಿಂತ ಹೆಚ್ಚಿಗೆ ಬೇಡ. ಕ್ಯಾನಿನ ಗೋಡೆ ಸುಮಾರು 0.1. ಒಂದು ಸುತ್ತು ಹಾಕಿದರೆ ವ್ಯಾಸ 0.2 ಏರುತ್ತದೆ. 27.2 ಫ್ರೇಮಿಗೆ 27.0 ಪೋಸ್ಟ್ ಇದ್ದಾಗ ಇದು ಅಚ್ಚುಕಟ್ಟಾದ ಪರಿಹಾರ. 27.0 ಪೋಸ್ಟಿಗೆ 84 ಅಗಲದ ಪಟ್ಟಿ ಕತ್ತರಿಸಿ, ತುದಿಗಳ ನಡುವೆ ಸಣ್ಣ ಸಂದು ಉಳಿಯಲಿ, ಒಂದರ ಮೇಲೊಂದು ಏರಬಾರದು. ಏರಿದ ಕಡೆ ದಪ್ಪ ಎರಡರಷ್ಟಾಗಿ ಪೋಸ್ಟಿನ ಮೇಲೆ ಗೆರೆ ಬೀಳುತ್ತದೆ. ಪಟ್ಟಿಯ ಉದ್ದ 100. ಮೇಲೆ 5 ಎಂಎಂ ಹೆಚ್ಚು ಬಿಟ್ಟು, ಅದನ್ನು ಅಲ್ಲಲ್ಲಿ ಕತ್ತರಿಸಿ ಫ್ರೇಮಿನ ಬಾಯಿಯ ಮೇಲೆ ಹೊರಕ್ಕೆ ಮಡಚಿದರೆ ಅದೇ ಕಾಲರ್. ಅಂಚು ಬ್ಲೇಡಿನಷ್ಟು ಹರಿತ, ಕೈಗವಸು ಹಾಕಿಕೊಳ್ಳಿ.

0.4 ಬೇಕಿದ್ದರೆ ಎರಡು ಸುತ್ತು ಕ್ಯಾನ್ ಹಾಕುವ ಬದಲು 0.2 ದಪ್ಪದ ಹಿತ್ತಾಳೆ ಅಥವಾ ಸ್ಟೀಲ್ ಶಿಮ್ ಶೀಟ್ ಒಂದು ಸುತ್ತು ಹಾಕಿ. ಕ್ಯಾನಿನ ಎರಡು ಸುತ್ತುಗಳು ಒಂದರ ಮೇಲೊಂದು ಜಾರುತ್ತವೆ.

ಹಳೇ ಟ್ಯೂಬ್ ರಬ್ಬರ್ ಅಥವಾ ಇನ್ಸುಲೇಷನ್ ಟೇಪ್?

ಬೇಡ. ರಬ್ಬರ್ ಒತ್ತಿಕೊಳ್ಳುತ್ತದೆ, ಟೇಪಿನ ಗೋಂದು ಬಿಸಿಲಿಗೆ ಲೊಳಲೊಳ ಆಗುತ್ತದೆ.

28.6ರಿಂದ 27.2 ಶಿಮ್, ಅದರೊಳಗೆ 27.2ರಿಂದ 25.4 ಶಿಮ್. ಎರಡೂ ಸೇರಿಸಬಹುದಾ?

ಬೇಡ. 28.6ರಿಂದ 25.4ಕ್ಕೆ ನೇರವಾಗಿ 1.6 ಗೋಡೆಯ ಒಂದೇ ಶಿಮ್ ಮಾಡಿಸಿ.

ಶಿಮ್ ಎಷ್ಟು ಉದ್ದ ಇರ್ಬೇಕು? 40 ಎಂಎಂದು ಅಗ್ಗಕ್ಕೆ ಸಿಕ್ತಿದೆ.

ಇಡೀ ವಿಷಯದಲ್ಲಿ ಜನ ಅತ್ಯಂತ ಹಗುರವಾಗಿ ತೆಗೆದುಕೊಳ್ಳುವುದು ಇದನ್ನೇ. ಕೂತಾಗ ತೂಕ ಪೋಸ್ಟನ್ನು ಹಿಂದಕ್ಕೆ ಬಗ್ಗಿಸುತ್ತದೆ. ಪೋಸ್ಟ್ ಮೇಲ್ಗಡೆ ಟ್ಯೂಬಿನ ಹಿಂಗೋಡೆಯನ್ನು, ಕೆಳಗಡೆ ಮುಂಗೋಡೆಯನ್ನು ಒತ್ತುತ್ತದೆ. ಈ ಎರಡು ಒತ್ತು ಬೀಳುವ ಜಾಗಗಳ ನಡುವಿನ ದೂರವೇ ಶಿಮ್‌ನ ಉದ್ದ, ಏಕೆಂದರೆ ಶಿಮ್ ಮುಗಿದ ಮೇಲೆ ಪೋಸ್ಟ್ ಬಯಲಲ್ಲಿರುತ್ತದೆ. ದೂರ ಕಡಿಮೆಯಾದಷ್ಟೂ ಒತ್ತಡ ಹೆಚ್ಚು: ಅದೇ ಸವಾರ, ಅದೇ ಸೀಟ್ ಎತ್ತರ, 100ರ ಬದಲು 40ರ ಶಿಮ್ ಹಾಕಿದರೆ ಪ್ರತಿ ಜಾಗದ ಒತ್ತಡ ಎರಡೂವರೆ ಪಟ್ಟು. ಪೋಸ್ಟಿನ ಮೇಲೆ ಉಂಗುರದಂಥ ಕಚ್ಚು ಬೀಳುವುದು, ಫ್ರೇಮ್ ಸೀಳಿನ ತುದಿಯಲ್ಲಿ ಬಿರುಕು ಬಿಡುವುದು ಇದರಿಂದಲೇ.

ನಿಯಮ ಇಷ್ಟೇ: ಶಿಮ್‌ನ ಕೆಳತುದಿ ಟಾಪ್ ಟ್ಯೂಬ್ (ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಕೊಳವೆ) ಬೆಸುಗೆಗಿಂತ ಕೆಳಗಿರಬೇಕು. ಸೀಟ್ ಟ್ಯೂಬ್ ಟಾಪ್ ಟ್ಯೂಬಿಗಿಂತ ಮೇಲೆ ಚಾಚಿಕೊಂಡಿರುವ ಫ್ರೇಮ್‌ಗಳಲ್ಲಿ 80 ಸಾಲದು, 100ರಿಂದ 120 ಬೇಕು. ಪೋಸ್ಟ್ ಶಿಮ್‌ನ ಕೆಳತುದಿಯನ್ನು ದಾಟಿ ಕನಿಷ್ಠ 10 ಎಂಎಂ ಇಳಿದಿರಲಿ, ಪೋಸ್ಟಿನ ಮೇಲಿನ ಮಿನ್ ಇನ್ಸರ್ಟ್ ಗೆರೆಯೂ ಶಿಮ್‌ನ ಕಾಲರ್ ಒಳಗೆ ಮುಚ್ಚಿರಲಿ. ಎರಡೂ ಬೇಕು. ಉದ್ದದ ಶಿಮ್ ಇಳಿಯದೆ ನಡುವೆ ತಡೆದರೆ ಬಾಟಲ್ ಕೇಜ್ ಬೋಲ್ಟ್ ಕೂರುವ ನಟ್ ಟ್ಯೂಬಿನ ಒಳಗೆ ಉಬ್ಬಿರುವುದನ್ನು ಪರೀಕ್ಷಿಸಿ.

## ಹಾಕುವುದು

ಹಾಕೋ ಕ್ರಮ ಹೇಳಿ.

ಹಳೆಯ ಪೋಸ್ಟಿನ ಎತ್ತರಕ್ಕೆ ಮೊದಲು ಒಂದು ಗುರುತು: ಕ್ರ್ಯಾಂಕ್ ತಿರುಗುವ ಆಕ್ಸಲ್‌ನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ದೂರ ಬರೆದಿಟ್ಟುಕೊಳ್ಳಿ. ಪೋಸ್ಟ್ ತೆಗೆದು, ಉದ್ದ ಕೋಲಿಗೆ ಬಟ್ಟೆ ಸುತ್ತಿ ಸೀಮೆಎಣ್ಣೆ ಹಚ್ಚಿ ಟ್ಯೂಬಿನ ಒಳಗೆ ಒರೆಸಿ. ಕಪ್ಪು ಬರುವುದು ನಿಲ್ಲುವವರೆಗೂ ಒರೆಸಿ, ಮರಳಿನ ಒಂದು ಕಣ ಉಳಿದರೂ ಶಬ್ದ ಗ್ಯಾರಂಟಿ. ಶಿಮ್‌ನ ಹೊರಮೈಗೆ ತೆಳುವಾಗಿ ಗ್ರೀಸ್ ಸವರಿ, ಕಾಲರ್ ಕೂರುವವರೆಗೆ ಕೈಯಿಂದ ಒತ್ತಿ. ಸುತ್ತಿಗೆ ಬೇಕೆನಿಸಿದರೆ ಶಿಮ್ ದಪ್ಪವಾಗಿದೆ. ಆಮೇಲೆ ಪೋಸ್ಟ್. ಕ್ಲಾಂಪ್ ಬಿಗಿಯದೆಯೇ ಪೋಸ್ಟ್ ಅಲ್ಲಾಡಿಸಿ ನೋಡಿ. ಜಾರಬೇಕು, ಆದರೆ ಲಟಲಟ ಅನ್ನಬಾರದು.

ಶಿಮ್ ಸೀಳು ಯಾವ ಕಡೆ ಬರಬೇಕು?

ತಯಾರಕರ ಸೂಚನೆ ಇದ್ದರೆ ಅದರಂತೆ. ಇಲ್ಲದಿದ್ದರೆ ದಪ್ಪ ಶಿಮ್‌ನ ಸೀಳನ್ನು ಫ್ರೇಮಿನ ಸೀಳಿಗೆ ಸರಿಹೊಂದಿಸಿ, ಎರಡೂ ಒಟ್ಟಿಗೆ ಮುಚ್ಚಿಕೊಳ್ಳುತ್ತವೆ. ತಗಡಿನ ಶಿಮ್ ಆದರೆ ತಿರುಗಿಸಿ, ಅದರ ಸಂದು ಎದುರು ಬದಿಗೆ ಬರಲಿ. ತೆಳು ತಗಡಿನ ಅಂಚು ಫ್ರೇಮಿನ ಸೀಳಿನೊಳಗೆ ಉಬ್ಬಿ ನುಗ್ಗುತ್ತದೆ.

ಗ್ರೀಸ್ ಹಚ್ಚಿದ್ರೆ ಪೋಸ್ಟ್ ಜಾರಲ್ವಾ?

ಲೋಹಕ್ಕೆ ಲೋಹ ಇದ್ದಲ್ಲಿ ತೆಳು ಪದರ ಇರಲೇಬೇಕು. ಅಳತೆ ಸರಿಯಿದ್ದರೆ ಗ್ರೀಸ್‌ನಿಂದ ಜಾರುವುದಿಲ್ಲ. ಸಂಶಯ ಇದ್ದರೆ ಹೊರಮೈಗೆ ಗ್ರೀಸ್, ಒಳಮೈಗೆ ಕಾರ್ಬನ್ ಪೇಸ್ಟ್ (ಕಾರ್ಬನ್ ಭಾಗಗಳು ಜಾರದಿರಲೆಂದು ಹಚ್ಚುವ ಪೇಸ್ಟ್). ಪೇಸ್ಟಿನ ಸಣ್ಣ ಕಣಗಳು ಅಲ್ಯೂಮಿನಿಯಂನಲ್ಲೂ ಹಿಡಿತ ಕೊಡುತ್ತವೆ, ಪೋಸ್ಟಿನ ಮೇಲೆ ಗೀರು ಬೀಳುತ್ತದೆ ಅಷ್ಟೇ.

ಎಷ್ಟು ಬಿಗಿಯಬೇಕು? ಕ್ಲಾಂಪ್ ಬದಲಾಯಿಸಬೇಕಾ?

ಕ್ಲಾಂಪ್ ಹಿಡಿಯುವುದು ಫ್ರೇಮಿನ ಹೊರಮೈಯನ್ನು, ಹಾಗಾಗಿ ಬದಲಾಯಿಸಬೇಕಿಲ್ಲ. 31.6 ಫ್ರೇಮಿಗೆ ಸಾಮಾನ್ಯವಾಗಿ 34.9 ಕ್ಲಾಂಪ್ ಇರುತ್ತದೆ, ಅದೇ ಇರಲಿ. ಕ್ಲಾಂಪಿನ ಮೇಲೆ ಬರೆದಿರುವ ಟಾರ್ಕ್ (ಬಿಗಿಯುವ ಬಲದ ಮಿತಿ) ನೋಡಿ, 5 ಅಥವಾ 6 ನ್ಯೂಟನ್ ಮೀಟರ್ ಇರುವುದೇ ಹೆಚ್ಚು. ಕೈಯಿಂದಲೇ ಬಿಚ್ಚಬಹುದಾದ ಕ್ವಿಕ್ ರಿಲೀಸ್ ಇದ್ದರೆ ತೆಗೆದು ಆಲನ್ ಬೋಲ್ಟಿನದು ಹಾಕಿ. ಮೆಟ್ರೋ ಸ್ಟೇಷನ್ ಹೊರಗೆ ಸೈಕಲ್ ನಿಲ್ಲಿಸುವವರ ಸೀಟು ಪೋಸ್ಟ್ ಸಮೇತ ಮಾಯವಾಗುವುದುಂಟು. ಶಿಮ್ ಹಾಕಿದ್ದರೆ ಶಿಮ್ಮೂ ಹೋಯಿತು.

## ತೊಂದರೆಗಳು

ಮೆಜೆಸ್ಟಿಕ್ ತಲುಪೋಷ್ಟರಲ್ಲಿ ಸೀಟ್ ಒಂದು ಇಂಚು ಇಳಿದಿರುತ್ತೆ. ಇನ್ನೂ ಬಿಗಿಯಲಾ?

ಬೇಡ, ಮೊದಲು ಯಾವುದು ಜಾರುತ್ತಿದೆ ಎಂದು ಕಂಡುಹಿಡಿಯಿರಿ. ಪರ್ಮನೆಂಟ್ ಮಾರ್ಕರ್‌ನಿಂದ ಪೋಸ್ಟ್, ಕಾಲರ್, ಫ್ರೇಮ್ ಮೂರರ ಮೇಲೂ ಹಾಯುವಂತೆ ಒಂದೇ ನೇರ ಗೆರೆ ಎಳೆಯಿರಿ, ಕಾಲರ್ ಮೇಲ್ಗಡೆ ಪೋಸ್ಟ್ ಸುತ್ತ ಇನ್ನೊಂದು ಅಡ್ಡಗೆರೆ. ಐದಾರು ಕಿಲೋಮೀಟರ್ ಓಡಿಸಿ ನೋಡಿ. ಅಡ್ಡಗೆರೆ ಕಾಲರ್ ಒಳಗೆ ಹೋಗಿದ್ದರೆ ಪೋಸ್ಟ್ ಶಿಮ್‌ನಲ್ಲಿ ಜಾರುತ್ತಿದೆ: ಒಳ ಅಳತೆ ದೊಡ್ಡದು, ಇಲ್ಲವೇ ಗ್ರೀಸ್ ಜಾಸ್ತಿ. ಪೋಸ್ಟಿನ ಮತ್ತು ಕಾಲರ್‌ನ ನೇರಗೆರೆ ಒಟ್ಟಿಗೆ ತಿರುಗಿದ್ದರೆ ಶಿಮ್ ಫ್ರೇಮಿನಲ್ಲಿ ತಿರುಗುತ್ತಿದೆ: ಹೊರ ಅಳತೆ ಚಿಕ್ಕದು. ಕ್ಲಾಂಪಿನ ಎರಡು ಕಿವಿಗಳು ಒಂದಕ್ಕೊಂದು ತಾಗಿದ್ದರೆ ಎಷ್ಟು ಬಿಗಿದರೂ ಪೋಸ್ಟಿಗೆ ಹಿಡಿತ ಸಿಗುವುದಿಲ್ಲ, ಬೋಲ್ಟ್ ತುಂಡಾಗುತ್ತದೆ.

ಪೆಡಲ್ ತುಳಿದಾಗಲೆಲ್ಲ ಕಿರ್ ಅನ್ನುತ್ತೆ. ಶಿಮ್ಮೇ ಕಾರಣನಾ?

ಎದ್ದು ನಿಂತು ತುಳಿಯಿರಿ. ಶಬ್ದ ನಿಂತರೆ ಸೀಟಿನ ಕಡೆಯದು. ಆಗಲೂ ಶಿಮ್ ಮೇಲೆ ನೇರ ಆರೋಪ ಬೇಡ, ಸೀಟಿನ ಅಡಿಯ ಕಂಬಿಗಳನ್ನು (ರೈಲ್) ಹಿಡಿಯುವ ಬೋಲ್ಟನ್ನು ಮೊದಲು ಬಿಚ್ಚಿ ಒರೆಸಿ ಗ್ರೀಸ್ ಮಾಡಿ. ಅರ್ಧಕ್ಕರ್ಧ ಕಿರಿಕಿರಿ ಅಲ್ಲೇ ಮುಗಿಯುತ್ತದೆ. ಉಳಿದರೆ ಶಿಮ್‌ನ ಎರಡೂ ಮೈ ಒರೆಸಿ ಹೊಸ ಗ್ರೀಸ್. ಅದಕ್ಕೂ ಬಗ್ಗದಿದ್ದರೆ ಕಾಲರ್ ಕ್ಲಾಂಪಿನ ತುಟಿಗೆ ತಾಗಿ ಉಜ್ಜುತ್ತಿದೆಯೇ ನೋಡಿ, ಫೈಲ್‌ನಿಂದ ಒಂದಿಷ್ಟು ಸವೆಸಿ.

ಕಾಲರ್ ಇಲ್ಲದ ಶಿಮ್ ಟ್ಯೂಬ್ ಒಳಗೆ ಬಿದ್ದೋಯ್ತು!

ಹಳೆಯ ಸ್ಪೋಕ್‌ನ ತುದಿಯನ್ನು ಪಕ್ಕಡದಿಂದ 5 ಎಂಎಂ ಕೊಕ್ಕೆ ಮಾಡಿ, ಶಿಮ್‌ನ ಕೆಳತುದಿಗೆ ಸಿಕ್ಕಿಸಿ ಎಳೆಯಿರಿ. ಸೈಕಲ್ ತಲೆಕೆಳಗೆ ಮಾಡಿ ತಟ್ಟಿದರೂ ಕೆಲವೊಮ್ಮೆ ಬರುತ್ತದೆ.

ಮಳೆಗಾಲ ಮುಗಿದ ಮೇಲೆ ಪೋಸ್ಟ್ ಅಲ್ಲಾಡ್ತಾನೇ ಇಲ್ಲ.

ಫ್ರೇಮಿನ ಸೀಳು ಬಹುತೇಕ ಹಿಂದಕ್ಕೆ ಮುಖ ಮಾಡಿರುತ್ತದೆ, ಹಿಂಚಕ್ರ ಎರಚುವ ನೀರು ನೇರ ಅಲ್ಲಿಗೇ. ಸ್ಟೀಲ್ ಫ್ರೇಮಿನಲ್ಲಿ ಅಲ್ಯೂಮಿನಿಯಂ ಶಿಮ್ ಇದ್ದು ನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಬೆಸೆದಂತೆ ಕಚ್ಚಿಕೊಳ್ಳುತ್ತದೆ. ಸೀಳಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಎರಡು ರಾತ್ರಿ ಇಡಿ, ಸೀಟ್ ಹಿಡಿದು ಬಲಕ್ಕೂ ಎಡಕ್ಕೂ ತಿರುಗಿಸಿ, ಮೇಲಕ್ಕೆ ಎಳೆಯುವುದು ಆಮೇಲೆ. ಪೋಸ್ಟ್ ಬಂದು ಶಿಮ್ ಉಳಿದರೆ ಗರಗಸದ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಒಳಗಿಳಿಸಿ, ಸೀಳಿನ ಎದುರು ಬದಿಯಲ್ಲಿ ಶಿಮ್ ಅನ್ನು ಉದ್ದಕ್ಕೆ ಕೊಯ್ಯಿರಿ. ಫ್ರೇಮ್ ತಾಗುವ ಮುಂಚೆ ನಿಲ್ಲಿಸಿ, ಪಕ್ಕಡದಿಂದ ಒಳಕ್ಕೆ ಸುರುಳಿ ಮಾಡಿ ತೆಗೆಯಿರಿ. ಕಾರ್ಬನ್ ಫ್ರೇಮಾದರೆ ಇದ್ಯಾವುದೂ ಬೇಡ, ಬಲ್ಲವರ ಕೈಗೆ ಕೊಡಿ.

ಮುಂದೆ ಹೀಗಾಗದಿರಲು ಜೂನ್‌ಗೆ ಮುಂಚೆ ಒಮ್ಮೆ, ಅಕ್ಟೋಬರ್ ಮಳೆ ಮುಗಿದ ಮೇಲೆ ಒಮ್ಮೆ ಎಲ್ಲ ತೆಗೆದು ಒರೆಸಿ ಗ್ರೀಸ್ ಮಾಡಿ. ಹಳೆಯ ಟ್ಯೂಬಿನ 5 ಸೆಂಟಿಮೀಟರ್ ತುಂಡನ್ನು ಪೋಸ್ಟಿಗೆ ತೊಡಿಸಿ ಕ್ಲಾಂಪ್, ಸೀಳು ಮುಚ್ಚುವಂತೆ ಎಳೆದರೆ ನೀರು ಒಳಗಿಳಿಯುವುದಿಲ್ಲ. ರಬ್ಬರಿಗೆ ಇಲ್ಲಿ ಸರಿಯಾದ ಕೆಲಸವಿದೆ.

## ಇನ್ನಷ್ಟು ಆಳಕ್ಕೆ

ಕಾರ್ಬನ್ ಪೋಸ್ಟಿಗೆ ಶಿಮ್ ಹಾಕಬಹುದಾ?

ಹಾಕಬಹುದು, ಆದರೆ ಲೇತ್‌ನ ಒರಟು ಶಿಮ್ ಬೇಡ. ಸೀಳಿನ ಒಳ ಅಂಚು ಕಾರ್ಬನ್ ನಾರನ್ನು ಕೊಯ್ಯುತ್ತದೆ. ನುಣುಪು ಶಿಮ್, ಎರಡೂ ಮೈಗೆ ಕಾರ್ಬನ್ ಪೇಸ್ಟ್, ಗ್ರೀಸ್ ಇಲ್ಲವೇ ಇಲ್ಲ. ಟಾರ್ಕ್ ವ್ರೆಂಚ್‌ನಿಂದ 4 ನ್ಯೂಟನ್ ಮೀಟರ್‌ನಲ್ಲಿ ಶುರು ಮಾಡಿ, ಜಾರಿದರೆ ಮಾತ್ರ ಅರ್ಧರ್ಧ ಏರಿಸಿ, ಪೋಸ್ಟ್ ಅಥವಾ ಕ್ಲಾಂಪ್ ಮೇಲೆ ಬರೆದ ಮಿತಿ ದಾಟಬೇಡಿ. ಫ್ರೇಮೇ ಕಾರ್ಬನ್ ಆಗಿದ್ದರೆ ತಯಾರಕರು ಶಿಮ್ ಒಪ್ಪುತ್ತಾರೆಯೇ ಎಂದು ಕೈಪಿಡಿ ನೋಡಿ, ಇಲ್ಲದಿದ್ದರೆ ವಾರಂಟಿ ಹೋದಂತೆ.

ತುರಹಳ್ಳಿ ಟ್ರೇಲ್‌ಗೆ 30.9 ಡ್ರಾಪರ್ ತಗೊಂಡೆ, ಫ್ರೇಮ್ 31.6. ಶಿಮ್‌ನಲ್ಲಿ ನಡೆಯುತ್ತಾ?

ಡ್ರಾಪರ್ ಎಂದರೆ ಓಡಿಸುತ್ತಲೇ ಏರಿಳಿಸಬಹುದಾದ ಪೋಸ್ಟ್. ಈ ಅಳತೆಗೆ 0.35 ಗೋಡೆಯ ಸಿದ್ಧ ಶಿಮ್‌ಗಳು ಬರುತ್ತವೆ, ಅವನ್ನೇ ಕೊಳ್ಳಿ. ಡ್ರಾಪರ್‌ನ ಹೊರ ಕೊಳವೆ ತೆಳು. ಕ್ಲಾಂಪ್ ಅತಿಯಾಗಿ ಬಿಗಿದರೆ ಒಳಗಿನ ಕೊಳವೆ ಸಿಕ್ಕಿಕೊಂಡು ಮೇಲೆ ಬರುವುದು ನಿಧಾನವಾಗುತ್ತದೆ. ಕ್ಲಾಂಪ್ ಕಾಲು ಸುತ್ತು ಸಡಿಲಿಸಿದಾಗ ಪೋಸ್ಟ್ ಚುರುಕಾಗಿ ಎದ್ದರೆ ಕಾರಣ ಅದೇ. ಕೇಬಲ್ ಫ್ರೇಮ್ ಒಳಗಿಂದ ಬರುವುದಾದರೆ ಶಿಮ್ ಕೂರಿಸಿದ ಮೇಲೆ ಪೋಸ್ಟ್ ಇಳಿಸಿ, ಜೊತೆಜೊತೆಗೆ ಮುಂದಿನಿಂದ ಕೇಬಲ್ ಎಳೆದುಕೊಳ್ಳಿ.

31.6ರ ಬದಲು 27.2 ಪೋಸ್ಟ್ ಹಾಕಿದ್ರೆ ಸೀಟ್ ಮೆತ್ತಗಾಗುತ್ತಂತೆ?

ತುಸು ಆಗುತ್ತದೆ. ಸಣ್ಣ ಪೋಸ್ಟ್ ಹೆಚ್ಚು ಬಾಗುತ್ತದೆ. ಆದರೆ ಬಾಗುವುದು ಹೊರಗೆ ಕಾಣುವ ಭಾಗ ಮಾತ್ರ. ಕಾಲರ್ ಮೇಲೆ 10 ಸೆಂಟಿಮೀಟರ್ ಪೋಸ್ಟ್ ಕಂಡರೆ ವ್ಯತ್ಯಾಸ ಗೊತ್ತಾಗುವುದೇ ಅನುಮಾನ, 20 ಕಂಡರೆ ಗೊತ್ತಾಗುತ್ತದೆ. ಹಂಪ್‌ಗಳ ಏಟು ತಪ್ಪಿಸಲು ಇದಕ್ಕಿಂತ ಅಗಲದ ಟೈರ್ ಹಾಕಿ, ಗಾಳಿ ಕಡಿಮೆ ಮಾಡುವುದು ಅಗ್ಗ.

ಇದೇ ಶಿಮ್ಮನ್ನ ಹ್ಯಾಂಡಲ್‌ಬಾರ್‌ಗೂ ಹಾಕಬಹುದಾ?

ತತ್ವ ಒಂದೇ, ವಸ್ತು ಬೇರೆ. ಬಾರ್ ಹಿಡಿಯುವ 31.8 ಸ್ಟೆಮ್‌ಗೆ 25.4 ಬಾರ್ ಕೂರಿಸಲು 3.2 ಗೋಡೆಯ, ಸ್ಟೆಮ್ ಅಗಲಕ್ಕೆ ತಕ್ಕ ಗಿಡ್ಡ ಶಿಮ್ ಬೇಕು. ಅದು ಎರಡು ಹೋಳಾಗಿರುವುದೂ ಉಂಟು, ಹೋಳುಗಳ ಸಂದು ಸ್ಟೆಮ್‌ನ ಮುಖ ಸೇರುವ ಗೆರೆಗೆ ಸರಿಯಾಗಿ ಕೂರಬೇಕು. ಸೀಟ್ ಶಿಮ್ ಕತ್ತರಿಸಿ ಅಲ್ಲಿ ಹಾಕಬೇಡಿ. ಸೀಟ್ ಜಾರಿದರೆ ಮಂಡಿ ನೋಯುತ್ತದೆ, ಬಾರ್ ಜಾರಿದರೆ ಮುಖ ರಸ್ತೆಗೆ ಬಡಿಯುತ್ತದೆ.